ಮೂಗಿ ಅನ್ನಿಸಿಕೊಂಡ ಚಿಕ್ಕವ್ವ

ಮಿಲಿಟರಿಯಲ್ಲಿದ್ದ ನಮ್ಮ ಚಿಕ್ಕಪ್ಪ ಅಸ್ಸಾಮಿನ ಕಡೆಯ ಹೆಣ್ಣನ್ನು ಕಟ್ಟಿಕೊಂಡು ಹೊಣಕೆರೆ ಹತ್ತಿರದ ನಮ್ಮೂರಿಗೆ ಬಂದದ್ದು ಅರವತ್ತರ ದಶಕದ ಶುರುವಿನಲ್ಲಿ. ಅವಳ ಭಾಷೆ ಅವನೊಬ್ಬನಿಗೆ ಅಷ್ಟಿಷ್ಟು ಬರುತ್ತಿತ್ತು. ಮಾರನೇ ವರ್ಷವೇ ಅವನು ಜ್ವರದಲ್ಲಿ ತೀರಿಕೊಂಡ. ಅವಳ ಊರು ಯಾವುದು ಅಂತ ಯಾರಿಗೂ ಹೇಳಿರಲಿಲ್ಲ. ಚಿಕ್ಕವ್ವ ನಮ್ಮ ಮನೆಯಲ್ಲೇ ಉಳಿದಳು.

ಮೊದಮೊದಲು ಬಾವಿಕಟ್ಟೆಯಲ್ಲಿ ಹೆಂಗಸರಿಗೆ ಏನೋ ಹೇಳಲು ಹೋಗುತ್ತಿದ್ದಳು. ಅವರು ನಗುತ್ತಿದ್ದರು. ನಾಲ್ಕು ಮಾತು ಕನ್ನಡ ಕಲಿತು ಆಡಿದರೂ ನಗುತ್ತಿದ್ದರು. ಬರಬರುತ್ತಾ ಬಾಯಿ ಮುಚ್ಚಿದಳು. ಊರವರು ಮೂಗಿ ಅಂದರು. ನಾವೂ ಅಂದೆವು.

ಮೈಸೂರಿನಲ್ಲಿ ಬಿ.ಎ. ಓದುವಾಗ ನಾನು ಸಂಜೆಯ ರಷ್ಯನ್ ತರಗತಿಗೆ ಸೇರಿದ್ದೆ. ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ 'ನೇಮೆತ್ಸ್' ಎಂದು ಬರೆದರು. ಜರ್ಮನಿಯವನು ಎಂದರ್ಥ. ಪೋಲಿಷ್, ಚೆಕ್, ಸರ್ಬಿಯನ್ ಭಾಷೆಗಳಲ್ಲೂ ರೂಪ ಕೊಂಚ ಬದಲಾಗಿ ಇದೇ ಪದವಿದೆಯಂತೆ. ಅದು ಹುಟ್ಟಿದ್ದು ಮೂಗ ಎಂಬರ್ಥದ ಪದದಿಂದ. ಹಿಂದೆ ಆ ಭಾಷೆಗಳ ಜನ ತಮಗೆ ತಿಳಿಯದ ಮಾತಾಡುವವರನ್ನೆಲ್ಲ ಮೂಗರೆಂದರು. ಕೊನೆಗೆ ಆ ಹೆಸರು ಪಕ್ಕದ ಜರ್ಮನರಿಗೆ ಅಂಟಿತು. ತಮ್ಮನ್ನು ಮಾತ್ರ ಸ್ಲಾವರು, ಅಂದರೆ 'ಸ್ಲೊವೊ' ಎಂದರೆ ಮಾತು, ಅದು ಉಳ್ಳವರು ಎಂದುಕೊಂಡರು ಅಂತ ಹಲವು ಪಂಡಿತರ ಊಹೆ. ತರಗತಿಯಲ್ಲಿ ಎಲ್ಲರೂ ನಕ್ಕರು. ನಾನು ಆ ಪದವನ್ನು ಪುಸ್ತಕದಲ್ಲಿ ಬರೆದುಕೊಂಡೆ.

ರಜೆಗೆ ಬಂದವನು ಇದನ್ನು ಅವ್ವನಿಗೆ ಹೇಳಿದೆ. ರಾಗಿ ಕೇರುತ್ತಿದ್ದ ಅವ್ವ ಮೊರ ನಿಲ್ಲಿಸಲಿಲ್ಲ.

"ಅವ್ಳು ಮೂಗಿ ಅಲ್ಲ ಅಂತ ನಂಗೂ ಗೊತ್ತು ಕಣ್ ಮಗ. ಆ ಮಾತು ತಿಳಿಯೋರ್ನ ಎಲ್ಲಿಂದ ತರಾನ?"

ನಮ್ಮ ಹಾಸ್ಟೆಲಿನಲ್ಲಿ ಅಸ್ಸಾಮಿನವನೊಬ್ಬನಿದ್ದ. ಅವನನ್ನು ಊರಿಗೆ ಕರೆತಂದೆ. ಜಗುಲಿಯ ಮೇಲೆ ಕೂತು ಅವನು ಅಸ್ಸಾಮಿಯಲ್ಲಿ ಮಾತಾಡಿಸಿದ. ಚಿಕ್ಕವ್ವ ಅವನ ಬಾಯನ್ನೇ ನೋಡಿದಳು. ಆಮೇಲೆ ತಡವರಿಸುತ್ತ ತನ್ನ ಭಾಷೆಯಲ್ಲಿ ಏನೋ ಅಂದಳು. ಅಷ್ಟು ವರ್ಷದ ಮೇಲೆ ಅವಳ ದನಿ ಕೇಳಿ ಅವ್ವ ಒಳಗಿನಿಂದ ಓಡಿಬಂದಳು.

ಅವನಿಗೆ ತಿಳಿಯಲಿಲ್ಲ. ಅಲ್ಲಿ ಗುಡ್ಡಕ್ಕೊಂದು ಭಾಷೆ, ಇದು ಯಾವುದೋ ಗೊತ್ತಿಲ್ಲ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದ. ಚಿಕ್ಕವ್ವ ಅದೇ ಮಾತನ್ನು ಇನ್ನೊಮ್ಮೆ, ಮಕ್ಕಳಿಗೆ ಹೇಳಿಕೊಡುವಷ್ಟು ನಿಧಾನವಾಗಿ ಅಂದಳು. ಅವನು ತಲೆ ತಗ್ಗಿಸಿದ. ಅವಳು ಎದ್ದು ಒಳಗೆ ಹೋದಳು.

ಕೆಲವು ವರ್ಷಗಳ ಮೇಲೆ ಚಿಕ್ಕವ್ವ ಕಾಯಿಲೆ ಬಿದ್ದಾಗ ನಾಗಮಂಗಲದ ಆಸ್ಪತ್ರೆಗೆ ಸೇರಿಸಿದೆವು. ಎಲ್ಲಿ ನೋವು ಎಂದು ಡಾಕ್ಟರು ಕೇಳಿದರು. ಅಷ್ಟು ಕನ್ನಡ ಅವಳಿಗೆ ತಿಳಿಯುತ್ತಿತ್ತು. ಆದರೂ ಗೋಡೆಯ ಕಡೆ ತಿರುಗಿ ಮಲಗಿದಳು. ಅಲ್ಲೇ ತೀರಿಕೊಂಡಳು.