ದಮ್ ಕಟ್ಟಿದ ತಲೆ

ಹುಸ್ನಾ ಅಡುಗೆ ಮಾಡಿದ ಮದುವೆಯಲ್ಲಿ ಗಂಡು ಹೇಗಿದ್ದ, ಹೆಣ್ಣು ಹೇಗಿದ್ದಳು ಎಂದು ಯಾರಿಗೂ ನೆನಪಿರುವುದಿಲ್ಲ. ಬಿರಿಯಾನಿ ಹೇಗಿತ್ತೆಂದು ಮಾತ್ರ ಯಲ್ಲಾಪುರದಿಂದ ಸಿರ್ಸಿಯವರೆಗೆ ಹೇಳುತ್ತಾರೆ. ಅವಳ ಗಂಡ ಲಾರಿ ಓಡಿಸುತ್ತಿದ್ದವನು. ಸೊಂಟ ಹಿಡಿದ ಮೇಲೆ ಅವನು ಮನೆ ಹಿಡಿದ, ಇವಳು ಸೌಟು ಹಿಡಿದಳು. ಈರುಳ್ಳಿ ಹೆಚ್ಚಲು, ಮಸಾಲೆ ಅರೆಯಲು ಮಾಗೋಡಿನ ಕಡೆಯ ಮಂಜಿ ಜೊತೆಯಾದಳು. ಇಬ್ಬರೂ ಸೇರಿ ಒಲೆ ಹೂಡಿದರೆ ಆ ಮನೆಯವರು ನಿಶ್ಚಿಂತೆಯಿಂದ ಜಗಳವಾಡಬಹುದಿತ್ತು. ಊಟದ ವಿಷಯಕ್ಕಂತೂ ಜಗಳ ಬರುತ್ತಿರಲಿಲ್ಲ.

ಹುಸ್ನಾಳದೊಂದು ಪದ್ಧತಿ. ಬಿರಿಯಾನಿಯ ಹಂಡೆಗೆ ಮುಚ್ಚಳವಿಟ್ಟು, ಆವಿ ಹೋಗದಂತೆ ಅಂಚಿಗೆ ಕಣಕ ಮೆತ್ತಿ, ಸಣ್ಣ ಬೆಂಕಿಯಲ್ಲಿ ದಮ್ ಕಟ್ಟುತ್ತಿದ್ದಳು. ಆ ದಮ್ಮನ್ನು ಒಡೆಯುವುದು ಮಾತ್ರ ಮನೆಯ ಹಿರಿಯರ ಕಣ್ಣೆದುರಿಗೇ. ಮುಚ್ಚಳ ಎದ್ದಾಗ ಬರುವ ಘಮಕ್ಕೆ ಹಿರಿಯರು ಕಣ್ಣು ಮುಚ್ಚಿ ‘ವಾಹ್’ ಎನ್ನಬೇಕು. ಅವಳಿಗೆ ಅದೇ ಬಿರುದು, ಅದೇ ಬಹುಮಾನ.

ಸಿರ್ಸಿಯ ಒಂದು ಮದುವೆಯಲ್ಲಿ ಹಿರಿಯರು ಕಣ್ಣು ಮುಚ್ಚಲಿಲ್ಲ.

ಕೆಲವು ತಿಂಗಳಿಂದ ಹುಸ್ನಾಳ ತಲೆ ತುರಿಸುತ್ತಿತ್ತು. ಕಾಯಿ ತುರಿಯುವಾಗ ತಲೆಯೂ ತುರಿಸುತ್ತಿತ್ತು. ತುರಿಮಣೆ ಬಿಟ್ಟೇಳುವಂತಿಲ್ಲ, ತಲೆ ಮುಟ್ಟುವಂತಿಲ್ಲ. ಹೇಗೋ ಹಲ್ಲು ಕಚ್ಚಿ ನಿಭಾಯಿಸಿದ್ದಳು. ಆದರೆ ಅಂದು ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಸೌಟು, ಎದುರಿಗೆ ಅರ್ಧ ಸಿರ್ಸಿ. ಹಂಡೆಯ ಆವಿ ಮುಖಕ್ಕೆ ಹೊಡೆದದ್ದೇ ತಡ, ನೆತ್ತಿಯಲ್ಲಿ ಕೆಂಪಿರುವೆಯ ಸಂತೆ ನೆರೆಯಿತು. ಸೌಟಿನ ಹಿಡಿ ತನ್ನಷ್ಟಕ್ಕೇ ತಲೆವಸ್ತ್ರದೊಳಗೆ ನುಗ್ಗಿ ಗರಗರ ಗೀರಿತು. ಕಪ್ಪು ಬಟ್ಟೆಯ ಭುಜದ ಮೇಲೆ ಬಿಳಿ ಹುಡಿ ಉದುರಿತು.

“ಅಯ್ಯಯ್ಯೋ, ಅಡಿಗಿಯಾಕಿ ತಲ್ಯಾಗ ಹೇನು!” ಎಂದಳು ಒಬ್ಬ ಹಿರಿಯ ಹೆಂಗಸು.

ಹುಸ್ನಾ ಟೆಂಪೊ ಹತ್ತಿ ಯಲ್ಲಾಪುರ ಮುಟ್ಟುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಂದು ಚಾ ಕುಡಿದು ಕೂತಿತ್ತು. ಮರುವಾರ ಅಖ್ತರ್ ಮನೆಗೆ ಬಂದ. ಲಾರಿಗಳ ಮಾಲೀಕ, ಊರಿಗೆ ಬೇಕಾದವನು. ಅವನ ಮಗಳು ಅರ್ಷಿಯಾಳ ಮದುವೆಯ ಊಟ ಹುಸ್ನಾಳದೇ ಎಂದು ಮೊದಲೇ ಮಾತಾಗಿತ್ತು.

“ಆಪಾ, ನಿಮ್ಮ ಕೈ ಬಗ್ಗೆ ಮಾತಿಲ್ಲ,” ಎಂದ ಅಖ್ತರ್, ಚಪ್ಪಲಿ ನೋಡುತ್ತ. “ತಲಿ ಬಗ್ಗೆ ಮಾತು ಬಂದದ. ಬೀಗರು ಸಿರ್ಸಿಯವ್ರು. ಅವತ್ತು ಹೇನು ಅಂದದ್ದು ಬೇರೆ ಯಾರೂ ಅಲ್ಲ, ಹುಡುಗನ ಅಜ್ಜಿ ಬದ್ರುನ್ನಿಸಾ. ನಾ ಏನ್ ಮಾಡ್ಲಿ, ನೀವೇ ಹೇಳ್ರಿ. ಇನ್ನೂ ಟೈಮ್ ಅದ. ನೋಡೋಣ.”

ಆ ‘ನೋಡೋಣ’ದ ಅರ್ಥ ಹುಸ್ನಾಳಿಗೆ ಗೊತ್ತಿತ್ತು. ಅಖ್ತರನ ಮನೆಯ ಊಟ ಕೈತಪ್ಪಿದರೆ ಇನ್ನಾವ ಮನೆಯ ಒಲೆಯೂ ತನ್ನನ್ನು ಕರೆಯುವುದಿಲ್ಲ.

ಮಂಜಿ ಅವಳನ್ನು ಬಿಸಿಲಿಗೆ ಕೂರಿಸಿ ಹೇನಿನ ಬಾಚಣಿಗೆ ಹಿಡಿದು ಇಡೀ ತಲೆ ಜಾಲಾಡಿದಳು.

“ಏನೂ ಇಲ್ಲ ಹುಸ್ನಕ್ಕ, ಹೇನೂ ಇಲ್ಲ. ಒಂದು ಸೀರೂ ಇಲ್ಲ ಮಾರಾಯ್ತಿ. ಬರೀ ಹೊಟ್ಟು.”

ಹೊಟ್ಟೆಪಾಡಿಗೆ ಹೊಟ್ಟೇ ಅಡ್ಡ ಬಂದಿತ್ತು. ಉದುರುತ್ತಿದೆಯೆಂದರೆ ತಲೆ ಒಣಗಿದೆ, ಒಣಗಿದ್ದಕ್ಕೆ ಮದ್ದು ಎಣ್ಣೆ ಎಂದು ಇಬ್ಬರೂ ತೀರ್ಮಾನಿಸಿದರು. ಈ ಕಡೆಯ ಮನೆಗಳಲ್ಲಿ ಎಣ್ಣೆಗೇನು ಬರ? ಮಂಜಿ ಒಂದೆಲಗ, ದಾಸವಾಳದೆಲೆ ಹಾಕಿ ಕಾಯಿಸಿದ್ದನ್ನು ತಂದಳು. ಕಾನಸೂರಿನಿಂದ ಒಂದು ಬಾಟಲಿ ಬಂತು, ತ್ಯಾಗಲಿಯಿಂದ ಇನ್ನೊಂದು. ಪ್ರತಿ ಬಾಟಲಿಯ ಹಿಂದೆಯೂ ಮೊಣಕಾಲುದ್ದ ಕೂದಲಿನ ಒಬ್ಬ ಅಜ್ಜಿ ಇದ್ದಳು.

ಹುಸ್ನಾ ಬರೀ ಹಚ್ಚಿ ಬಿಡುವವಳಲ್ಲ. ಒಳಗೆ ಇಳಿಯಬೇಕೆಂದರೆ ಆವಿ ಹೊರಗೆ ಹೋಗಬಾರದು ಎಂಬುದು ಅವಳು ಬದುಕಿಡೀ ನಂಬಿದ ಸತ್ಯ. ಎಣ್ಣೆ ಬಿಸಿ ಮಾಡಿ ನೆತ್ತಿಗೆ ತಿಕ್ಕಿದಳು. ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ದಪ್ಪ ಬಟ್ಟೆ, ಗಾಳಿಯಾಡದಂತೆ ಬಿಗಿ ಗಂಟು. ಹಾಗೇ ಹೋಗಿ ಒಲೆಯ ಮುಂದೆ ಕೂತಳು.

ಗಂಡ ಗೋಡೆಗೊರಗಿ ನೋಡಿದ. “ಕಣಕ ಹಚ್ಚೋದೊಂದು ಬಾಕಿ. ಯಾವಾಗ ಬೇಯ್ತದ?”

“ನಿಮ್ಮ ಸೊಂಟಕ್ಕೂ ಕಟ್ತೀನಿ, ಸುಮ್ನಿರ್ರಿ,” ಎಂದಳು ಹುಸ್ನಾ.

ದಿನಾ ದಮ್ ಕಟ್ಟಿದಳು, ತುರಿಕೆ ದಿನಾ ಬಲಿಯಿತು. ಒಣ ಹೊಟ್ಟು ಹೋಗಿ ಹಳದಿಯ ಅಂಟು ಹೊಪ್ಪಳೆ ಬಂತು. ಕಿವಿಯ ಹಿಂದೆ, ಹುಬ್ಬಿನ ಮೇಲೂ ಕೆಂಪಾಯಿತು. ಯಾರದೋ ಮಾತು ಕೇಳಿ ಗೀರಿದ ಜಾಗಕ್ಕೆ ನಿಂಬೆರಸ ಹಿಂಡಿಕೊಂಡಳು. ಆ ಕೂಗಿಗೆ ಪಕ್ಕದ ಮನೆಯವರು ಕಳ್ಳ ಬಂದನೆಂದು ಕೋಲು ಹಿಡಿದು ಓಡಿಬಂದರು. ಆಮೇಲೆ ಮಂಜಿ ಯಾವ ಮಾತೂ ಕೇಳದೆ ಅವಳನ್ನು ಆಸ್ಪತ್ರೆಗೆ ಎಳೆದೊಯ್ದಳು.

ಚರ್ಮದ ಡಾಕ್ಟರು ಭೂಮಿಕಾ ತಲೆಗೆ ಲೈಟು ಬಿಟ್ಟು, ಕೂದಲು ಬೇರ್ಪಡಿಸಿ ನೋಡಿದರು. ಸೋರಿಯಾಸಿಸ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಮೊಣಕೈ, ಉಗುರುಗಳನ್ನೂ ನೋಡಿದರು. ಕೂದಲಿಗೆ ಬಣ್ಣ ಹಚ್ಚುತ್ತೀರಾ ಎಂದು ಕೇಳಿದರು. ಇಲ್ಲವೆಂದಳು ಹುಸ್ನಾ.

“ಹೇನಲ್ಲ ಅಮ್ಮ. ಕೊಳಕಿನಿಂದ ಬಂದದ್ದೂ ಅಲ್ಲ, ಯಾರಿಗೂ ಅಂಟೋದೂ ಇಲ್ಲ. ಎಲ್ಲರ ತಲೆ ಮೇಲೂ ಕಣ್ಣಿಗೆ ಕಾಣದ ಒಂದು ಬೂಷ್ಟು ಇರ್ತದೆ. ಕೆಲವರ ಚರ್ಮಕ್ಕೆ ಅದು ಆಗಿಬರೋದಿಲ್ಲ, ಆಗ ತುರಿಕೆ, ಹೊಟ್ಟು. ಆ ಬೂಷ್ಟಿನ ಊಟ ಯಾವುದು ಗೊತ್ತಾ? ಎಣ್ಣೆ ಜಿಡ್ಡು.”

ಹುಸ್ನಾ ದಮ್ ಕಟ್ಟಿದ ಕಥೆ ಹೇಳಿದಳು. ಡಾಕ್ಟರು ನಗು ತಡೆಯಲು ಪೆನ್ನು ಕಚ್ಚಿದರು.

“ದೋಸೆ ಹಿಟ್ಟು ಹುಳಿ ಬರ್ಲಿಕ್ಕೆ ಎಲ್ಲಿಡ್ತೀರಿ?”

“ಬೆಚ್ಚಗೆ, ಮುಚ್ಚಿ...” ಎಂದವಳು ಅರ್ಧಕ್ಕೇ ನಿಂತಳು. “ಯಾ ಅಲ್ಲಾ! ನಾನು ಅದಕ್ಕೆ ದಾವತ್ ಹಾಕೀನಲ್ಲ!”

ಹಾಗಾದರೆ ಎಣ್ಣೆ ಬಂದ್. ವಾರಕ್ಕೆರಡು ಸಲ ಔಷಧದ ಶಾಂಪೂ. ಕೂದಲಿಗಲ್ಲ, ಬುಡದ ಚರ್ಮಕ್ಕೆ ಬೆರಳ ತುದಿಯಲ್ಲಿ ತಿಕ್ಕಿ, ಐದು ನಿಮಿಷ ಬಿಟ್ಟು ತೊಳೆಯಬೇಕು. ಉಗುರು ತಾಗಿಸಬಾರದು. ಒದ್ದೆ ತಲೆಗೆ ಬಟ್ಟೆ ಕಟ್ಟಬಾರದು. ಒಂದು ತಿಂಗಳು ಬಿಡದೆ ಮಾಡಿ ತೋರಿಸಬೇಕು.

“ಎಣ್ಣೆ ಇಲ್ದಿದ್ರೆ ತಲೆ ಕಾಯ್ತದಲ್ಲ ಡಾಕ್ಟ್ರೇ?”

“ಈಗ ಕಾದಿರೋದು ಎಣ್ಣೆಯಿಂದಲೇ ಅಮ್ಮ.”

ತಾಸುಗಟ್ಟಲೆ ಹಂಡೆ ಕಾಯುವವಳಿಗೆ ತಲೆಯ ಮೇಲೆ ನೊರೆ ಹೊತ್ತು ಐದು ನಿಮಿಷ ಕೂರುವುದು ಮಹಾ ಶಿಕ್ಷೆಯಾಯಿತು. ಮೊದಲ ಸಲ ಹಚ್ಚಿದ ಕೂಡಲೇ ತೊಳೆದುಕೊಂಡಳು. ಎರಡನೇ ಸಲ ಮಂಜಿ ಬಚ್ಚಲ ಬಾಗಿಲಿಗೆ ಕಾವಲು ನಿಂತು, “ಈಗ ಮುಚ್ಚಳ ತೆಗೆದ್ರೆ ಅನ್ನ ಹಸಿ ಉಳೀತದೆ!” ಎಂದು ಗದರಿದಳು. ಎಣ್ಣೆ ಕಾಣದ ಕೂದಲು ನೋಡಿ ಪಕ್ಕದ ಮನೆಯವಳು, “ಮನೇಲಿ ಯಾರಾದ್ರೂ ಹೋದ್ರಾ?” ಎಂದು ಮೆಲ್ಲಗೆ ಕೇಳಿದಳು. “ತುರಿಕೆ ಹೋಗ್ತಾ ಇದೆ,” ಎಂದಳು ಹುಸ್ನಾ. ನಿಜವಾಗಿಯೂ ಹೋಗುತ್ತಿತ್ತು. ಒಂದು ದಿನ ಕಾಯಿ ತುರಿದು ಮುಗಿಸಿ ಎದ್ದಾಗ, ತಲೆಯ ನೆನಪೇ ಬಂದಿರಲಿಲ್ಲ ಎಂದು ಹೊಳೆದು ಅಲ್ಲೇ ನಿಂತುಬಿಟ್ಟಳು.

ಅಖ್ತರ್ ಮತ್ತೆ ಬಂದು ಬಾಗಿಲಲ್ಲೇ ನಿಂತ. ಮುಖ ನೋಡಿದರೆ ‘ಇಲ್ಲ’ ಎನ್ನಲು ಬಂದವನಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಹುಸ್ನಾ ಹೇಳಿದಳು:

“ಬೀಗರ ಮನೀ ಹೆಂಗಸ್ರನ್ನ ಕಳಸ್ರಿ. ಹುಡುಗಿ ನೋಡೋಕೆ ಬಂದಂಗ ಬಂದು ನನ್ನ ತಲಿ ನೋಡ್ಲಿ. ಆಮ್ಯಾಲೆ ಇಲ್ಲ ಅನ್ರಿ.”

ಬದ್ರುನ್ನಿಸಾ ಬಂದೇ ಬಂದರು. ಚಾ ಕುಡಿದು, ಕನ್ನಡಕ ಒರೆಸಿ ಹಾಕಿಕೊಂಡು, ಹುಸ್ನಾಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂರಿಸಿದರು. ಬೈತಲೆ ಬೈತಲೆ ಬಿಡಿಸಿ ನೋಡಿದರು. ಮುದುಕಿಯ ಬೆರಳು ಎಡಗಿವಿಯ ಹಿಂದೆ ನಿಂತಿತು.

“ಇಲ್ಲಿ ಇನ್ನೂ ಅದಲ್ಲ?”

ಬಾಗಿಲ ಬಳಿ ನಿಂತ ಮಂಜಿಯ ಮುಖ ಬಾಡಿತು. ಹುಸ್ನಾಳಿಗೆ ಸುಳ್ಳೊಂದು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

“ಹೌದ್ರಿ, ಅದ. ಪೂರ್ತಿ ಹೋಗಿಲ್ಲ. ಹೋದ್ರೂ ಮತ್ತೆ ಬರಬಹುದು ಅಂದಾರ ಡಾಕ್ಟ್ರು. ಬಂದ್ರೆ ಮತ್ತೆ ಶಾಂಪೂ ಹಚ್ತೀನಿ. ಹೇನಂತೂ ಅಲ್ಲ, ಯಾರಿಗೂ ಹತ್ತೂದಿಲ್ಲ.”

ಬದ್ರುನ್ನಿಸಾ ಕನ್ನಡಕ ತೆಗೆದರು. “ಪೂರ್ತಿ ಹೋಗ್ಯಾದ ಅಂದಿದ್ರೆ ಎದ್ದು ಹೋಗ್ತಿದ್ದೆ. ಅವತ್ತು ದೂರದಿಂದ ನೋಡಿ ಬಾಯಿ ಬಿಟ್ಟೆ ನೋಡು, ತಪ್ಪು ನಂದೇ. ತಲೀಗೆ ಬಿಗಿಯಾಗಿ ಹತ್ತಿ ಟೋಪಿ ಹಾಕ್ಕೊಂಡು ಅಡಿಗಿ ಮಾಡ್ತೀಯೇನು?”

“ಮಾಡ್ತೀನ್ರಿ. ದಿನಾ ಒಗೆದದ್ದೇ ಹಾಕ್ಕೋತೀನಿ.”

“ಹಂಗಾದ್ರೆ ಅಖ್ತರಗೆ ನಾ ಹೇಳ್ತೀನಿ. ಊಟ ನಿಂದೇ.”

ಮಂಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಈರುಳ್ಳಿ ಖಾರ ಎಂದಳು. ಅಲ್ಲೆಲ್ಲೂ ಈರುಳ್ಳಿ ಇರಲಿಲ್ಲ. ಹುಸ್ನಾ ಮಾತ್ರ ಆಗಲೇ ಕೂದಲು ಗಂಟು ಹಾಕಿಕೊಂಡು ಎದ್ದಿದ್ದಳು.

“ಎಷ್ಟು ಮಂದಿ ಆಗ್ತಾರ್ರಿ? ನಿಮ್ಮ ಕಡೀ ಮಂದಿ ಖಾರ ಹೆಂಗ ಉಣ್ತಾರ?”