ಕೆರೆಯೊಳಗಿನ ಬಾಣಂತಿ

ಸುರಪುರದ ಹತ್ತಿರ ನಮ್ಮದೊಂದು ಹಕ್ಕಿ ಕೆರೆ ಇದೆ. ಅದರ ಗೇಟಿನಲ್ಲಿ ಕಾವಲು ಕೂರುವ ಶೇಖಮ್ಮನ ಹತ್ತಿರ ಬೈಸಿಕೊಳ್ಳದವರು ತಾಲ್ಲೂಕಿನಲ್ಲಿ ಕಡಿಮೆ. ನಾನು ಮೂವತ್ತು ವರ್ಷ ಪಾಠ ಹೇಳಿ ಗಂಟಲು ಬೆಳೆಸಿಕೊಂಡ ಮಾಸ್ತರ. ಹೋದಾಗಲೆಲ್ಲ ಬೈಸಿಕೊಂಡಿದ್ದೇನೆ.

ಗೇಟಿನ ಪಕ್ಕ ಹಸಿರು ಫಲಕವೊಂದಿದೆ, ಅದರಲ್ಲಿ ಹತ್ತು ನಿಯಮ. 'ಸಂದರ್ಶಕರು ಮೌನವನ್ನು ಕಾಪಾಡತಕ್ಕದ್ದು' ಎಂದು ಶುರು. ಯಾರೂ ಓದುವುದಿಲ್ಲ, ಅದಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಶೇಖಮ್ಮನಿಗೆ ಓದಲು ಬರುವುದೂ ಇಲ್ಲ. ಕೃಷ್ಣಾ ದಂಡೆಯ ಮೀನುಗಾರರ ಮಗಳು, ಬಲೆ ಹೆಣೆಯುತ್ತ ಬೆಳೆದವಳು. ಒಂಬತ್ತು ವರ್ಷದಿಂದ ಇಲ್ಲಿ ದಿನಗೂಲಿ.

ಆಕೆಯ ಕಾನೂನು ಒಂದೇ. ಕೆರೆಯ ಜಾಲಿಗಿಡಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದವೆಂದರೆ ಗೇಟಿಗೆ ಬೇವಿನ ಟೊಂಗೆ ಸಿಕ್ಕಿಸಿ, ಪಕ್ಕದಲ್ಲಿ ನೀರಿನ ಕೊಡ ಇಡುತ್ತಾಳೆ. ಬಂದವರಿಗೆ ಮೆಲ್ಲಗೆ ಹೇಳುತ್ತಾಳೆ: "ಒಳಗ ಬಾಣಂತಿ ಅದಾಳ್ರಿ."

ಅಷ್ಟೇ ಸಾಕು. ನಮ್ಮ ಜನ ಸರ್ಕಾರಕ್ಕೆ ಅಂಜುವುದಿಲ್ಲ, ಬಾಣಂತಿ ಮನೆಗೆ ಅಂಜುತ್ತಾರೆ. ತಾವಾಗಿಯೇ ಕಾಲು ತೊಳೆದು, ದನಿ ತಗ್ಗಿಸಿ, ದೂರದಲ್ಲೇ ನಿಲ್ಲುತ್ತಾರೆ. ಕೂಸಿಗೆ ದೃಷ್ಟಿ ತಾಗೀತೆಂದು ಬಹಳ ಹೊತ್ತು ದಿಟ್ಟಿಸುವುದೂ ಇಲ್ಲ. ಬಾಣಂತಿಗೆ ಗೇಣುದ್ದ ಕೊಕ್ಕಿದೆ ಎಂದು ಗೊತ್ತಾಗುವ ಹೊತ್ತಿಗೆ ಎಲ್ಲ ನಿಯಮಗಳನ್ನೂ ಪಾಲಿಸಿ ಮುಗಿಸಿರುತ್ತಾರೆ.

ಹೋದ ಫೆಬ್ರವರಿಯಲ್ಲಿ ಹೊಸ ಅರಣ್ಯ ಅಧಿಕಾರಿ ಮಹೇಶಕುಮಾರ ತಪಾಸಣೆಗೆ ಬಂದಾಗ ನಾನೂ ಅಲ್ಲೇ ಇದ್ದೆ. ವಯಸ್ಸು ಸಣ್ಣದು, ಬೂಟು ದೊಡ್ಡದು. ಬೇವಿನ ಟೊಂಗೆ ನೋಡಿ ಹುಬ್ಬು ಗಂಟಿಕ್ಕಿದ.

"ಇದೇನಮ್ಮಾ? ಫಲಕದಲ್ಲಿರೋ ನಿಯಮ ಹೇಳು ನೋಡೋಣ. ಆರನೆಯದು ಯಾವುದು?"

ಶೇಖಮ್ಮ ನನ್ನ ಮುಖ ನೋಡಿದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಆತ ಕೈ ಎತ್ತಿ ತಡೆದ. ಮುಂದಿನ ಒಂದನೇ ತಾರೀಖಿನಿಂದ ಓದು ಬರುವವರನ್ನು ಇಡುವುದಾಗಿ ಹೇಳಿಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಆಕೆ ಮಾತ್ರ ಗೂಡುಗಳ ಕಡೆ ನೋಡುತ್ತ, "ಈ ಕೂಸುಗಳು ಹಾರೂತನಕರ ಇರ್ತೀನ್ರಿ, ಸಾಹೇಬ್ರ," ಎಂದಳು.

ಅದೇ ಹೊತ್ತಿಗೆ ಶಹಾಪುರದ ಕಡೆಯಿಂದ ಒಂದು ಕ್ರೂಸರ್ ಬಂತು. ಒಳಗೆ ಹನ್ನೆರಡು ಜನ ಹುಡುಗರು, ಒಂದು ಹಾಡಿನ ಡಬ್ಬಿ. ಮಹೇಶಕುಮಾರನಿಗೆ ಹುರುಪು ಬಂತು. ಫಲಕದ ಮುಂದೆ ನಿಂತು, "ನಿಯಮ ಒಂದು! ಮೌನವನ್ನು ಕಾಪಾಡತಕ್ಕದ್ದು!" ಎಂದು ಹಾಡನ್ನೂ ಮೀರಿಸಿ ಕೂಗಿದ. ಹುಡುಗರು ಆತನ ಜೊತೆ ಸೆಲ್ಫಿ ತೆಗೆದುಕೊಂಡರು. ಮೂರನೇ ನಿಯಮಕ್ಕೆ ಬರುವಷ್ಟರಲ್ಲಿ ಕೊಕ್ಕರೆಗಳೆಲ್ಲ ಗೂಡು ಬಿಟ್ಟು ಎದ್ದವು. ಮರಿಗಳು ಸುಡುಬಿಸಿಲಿನಲ್ಲಿ ಬಯಲಾದವು. ಎಲ್ಲಿತ್ತೋ, ಹದ್ದೊಂದು ಬಂದು ಮೇಲೆ ಸುತ್ತತೊಡಗಿತು.

ಶೇಖಮ್ಮನಿಗೆ ನೌಕರಿಯ ನೆನಪು ಹಾರಿಹೋಯಿತು. ನೇರ ಅಧಿಕಾರಿಯ ಎದುರಿಗೆ ಹೋಗಿ ನಿಂತಳು.

"ಬಾಣಂತಿ ಮನಿ ಮುಂದ ಹಿಂಗ ಒದರತಾರೇನ್ರಿ? ನಿಮ್ಮನ್ನ ಹಡದಾಗ ನಿಮ್ಮವ್ವನ ಮುಂದ ಯಾರರ ಹಿಂಗ ಒದರಿದ್ರೇನು?"

ಹಾಡು ತಟ್ಟನೆ ನಿಂತಿತು. ಹುಡುಗರಲ್ಲೊಬ್ಬ, "ಬಾಣಂತಿ ಅದಾಳಂತ್ಲೇ," ಎಂದು ಪಿಸುಗುಟ್ಟಿದ. ಹನ್ನೆರಡು ಜನವೂ ಸಾಲಾಗಿ ಕೊಡದ ಹತ್ತಿರ ಹೋಗಿ ಕಾಲು ತೊಳೆದರು. ಹದಿಮೂರನೆಯವನಾಗಿ ಮಹೇಶಕುಮಾರ ಬೂಟು ಬಿಚ್ಚಿದ. ಕಾಲುಚೀಲ ತೂತಾಗಿತ್ತು, ಹೆಬ್ಬೆರಳು ಹೊರಗಿತ್ತು. ನನಗೆ ನಗು ಬಂತು, ಶೇಖಮ್ಮ ಕಣ್ಣಲ್ಲೇ ಗದರಿಸಿದಳು. ಕೊಕ್ಕರೆಗಳು ಒಂದೊಂದಾಗಿ ಗೂಡಿಗೆ ಇಳಿದ ಮೇಲೆ ಆತ ಬೂಟು ಕೈಯಲ್ಲಿ ಹಿಡಿದು ಜೀಪು ಹತ್ತಿದ.

ಸಾಹೇಬನನ್ನು ಬೈದ ಮೇಲೆ ಕೆಲಸ ಉಳಿಯುತ್ತದೆಯೇ? ಆದರೂ ಆಕೆ ನನ್ನನ್ನು ಬಿಡಲಿಲ್ಲ. ದಿನಾ ಸಂಜೆ ಫಲಕ ಓದಿಸಿ, ಹತ್ತೂ ನಿಯಮ ಬಾಯಿಪಾಠ ಮಾಡಿದಳು. ನಾನು ಜೋರಾಗಿ ಓದಿದಾಗಲೆಲ್ಲ ಅದಕ್ಕೂ ಬೈಸಿಕೊಂಡೆ.

ಒಂದನೇ ತಾರೀಖು ಬೆಳಿಗ್ಗೆ ಜೀಪು ಬಂತು. ಶೇಖಮ್ಮ ಗೇಟಿನ ಕೀಲಿ ಕೈಯಲ್ಲಿ ಹಿಡಿದು, ಕೊಟ್ಟುಬಿಡಲು ಎದ್ದು ನಿಂತಳು. ಮಹೇಶಕುಮಾರ ಬೂಟನ್ನು ಜೀಪಿನಲ್ಲೇ ಬಿಟ್ಟು ಇಳಿದ. ಕಾಲು ತೊಳೆದು ಹತ್ತಿರ ಬಂದು, ಒಂದು ಚೀಲ ಮುಂದೆ ಹಿಡಿದ. ಒಳಗೆ ಅಂಟಿನುಂಡೆಗೆ ಬೇಕಾದ ಕೊಬ್ಬರಿ, ಖಾರಿಕ, ಅಂಟು.

"ಬಾಣಂತಿಗೆ," ಎಂದ, ಪಿಸುಮಾತಿನಲ್ಲಿ.

ಶೇಖಮ್ಮ ಚೀಲ ನೋಡಿದಳು, ಆತನನ್ನು ನೋಡಿದಳು.

"ಹಕ್ಕಿಗೋಳಿಗೆ ಆಹಾರ ಹಾಕತಕ್ಕದ್ದಲ್ಲ. ಆರನೇ ನಿಯಮ. ಬೋರ್ಡ್ ಓದಿಲ್ಲೇನ್ರಿ, ಸಾಹೇಬ್ರ?"

ಆತ ಪೆಚ್ಚಾಗಿ ಚೀಲ ಹಿಂದಕ್ಕೆ ಎಳೆದುಕೊಂಡ. ಆಕೆ ಕೀಲಿ ಚಾಚಿದಳು. ಆತ ತಲೆ ಅಲ್ಲಾಡಿಸಿದ.

"ನಿಮ್ಮ ಹತ್ರಾನೇ ಇರಲಿ, ಅಮ್ಮಾ."

ಶೇಖಮ್ಮ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಚೀಲವನ್ನೂ ಆತನ ಕೈಯಿಂದ ಕಸಿದುಕೊಂಡಳು.

"ಒಂಬತ್ತು ವರ್ಷದಿಂದ ಬಾಣಂತನ ಮಾಡಾಕತ್ತಾಕಿ ನಾನು. ಇಷ್ಟರ ತಿನಬಾರದೇನು?"