ಲಾರಿ ನಿಂತ ಜಾಗದ ಕಲೆ

“ರಾತ್ರಿ ಮನೆಗೇ ಬರ್ಲಿಲ್ವೇನೋ? ಎಲ್ಲಿದೀಯ?” ಫೋನಿನಲ್ಲಿ ಅಮ್ಮ ಕೇಳಿದಳು. ಇಟ್ಟಿಗೆ ಲೋಡು ತುಂಬಿಕೊಂಡು ಹೊರಟಿದ್ದ ನಾನು ಆಗಷ್ಟೇ ರಾಮನಗರದಲ್ಲಿ ಟೀ ಕುಡಿಯಲು ಲಾರಿ ನಿಲ್ಲಿಸಿದ್ದೆ. ರಾತ್ರಿ ಬಂದು ಮಲಗಿದ್ದೆ, ನಿನ್ನನ್ನು ಎಬ್ಬಿಸುವುದು ಬೇಡವೆಂದು ನಸುಕಿನಲ್ಲೇ ಹೊರಟೆ ಎಂದರೂ ಅವಳು ನಂಬಲಿಲ್ಲ.

“ಸುಳ್ಳು ಹೇಳ್ಬೇಡ. ಮನೆ ಮುಂದೆ ಹೊಸದಾಗಿ ಒಂದು ತೊಟ್ಟೂ ಆಯಿಲ್ ಬಿದ್ದಿಲ್ಲ. ನಿಮ್ಮಪ್ಪ ರಾತ್ರಿ ಬಂದು ಹೋಗಿದ್ದು ನಂಗೆ ಗೊತ್ತಾಗ್ತಿದ್ದಿದ್ದೇ ಅದ್ರಿಂದ ಕಣೋ.”

ತೀರಿಕೊಂಡ ಅಪ್ಪ ನನಗೆ ಬಿಟ್ಟುಹೋದ ಲಾರಿ ಅದು. ಅದರ ಎಂಜಿನ್ನಿನಿಂದ ಆಯಿಲ್ ಸದಾ ಒಸರುತ್ತಿತ್ತು. ಅಪ್ಪ ಸೋರುವಲ್ಲಿಗೆ ಸೋಪು ಮೆತ್ತುತ್ತಿದ್ದರು, ಹೊರಡುವ ಮುನ್ನ ಡಬ್ಬದಿಂದ ಒಂದಿಷ್ಟು ಆಯಿಲ್ ಸುರಿಯುತ್ತಿದ್ದರು, ರಿಪೇರಿ ಮಾತ್ರ ಮಾಡಿಸಲಿಲ್ಲ. ಕೆಂಗೇರಿ ಉಪನಗರದ ನಮ್ಮ ಮನೆಯೆದುರು ಆ ಕರಿ ಕಲೆ ಮಾಸಿದ್ದೇ ಇಲ್ಲ. ಬೆಳಿಗ್ಗೆ ರಂಗೋಲಿ ಹಾಕಲು ಬರುವ ಅಮ್ಮ ಬೈದುಕೊಳ್ಳುತ್ತಲೇ ಅದರ ಮೇಲೆ ಮರಳು ಎರಚಿ ಗುಡಿಸುತ್ತಿದ್ದಳು. ಆ ಬೈಗುಳ ತಪ್ಪಲೆಂದೇ ನಾನು ಹಿಂದಿನ ದಿನ ಮೆಕ್ಯಾನಿಕ್ ಹತ್ತಿರ ಹೊಸ ಆಯಿಲ್ ಸೀಲ್ ಹಾಕಿಸಿ ಸೋರುವುದನ್ನು ನಿಲ್ಲಿಸಿದ್ದೆ. ದಿನಾ ಬೈಯುತ್ತಿದ್ದವಳು ದಿನಾ ಅದನ್ನೇ ಹುಡುಕುತ್ತಿದ್ದಳೆಂದು ನನಗೇನು ಗೊತ್ತು?

ಈಗ ನಸುಕಿನಲ್ಲಿ ಹೊರಡುವಾಗ ಅಮ್ಮನ ಕೋಣೆಯ ಬಾಗಿಲು ತಟ್ಟಿ, “ಹೋಗ್ಬರ್ತೀನಮ್ಮ” ಎನ್ನುತ್ತೇನೆ. ಅಪ್ಪ ಒಂದು ದಿನವೂ ಹಾಗೆ ಹೇಳಿ ಹೊರಟದ್ದು ನನಗೆ ನೆನಪಿಲ್ಲ. ಅಷ್ಟು ವರ್ಷವೂ ಆ ಮಾತನ್ನು ಅವರ ಪರವಾಗಿ ಲಾರಿಯೇ ಹೇಳುತ್ತಿತ್ತು.